ಇಪ್ಪತ್ಮೂರು ಗಿಳಿ

ಸೂಜಿಗೆ ದಾರ ಪೋಣಿಸುವುದಿದ್ದರೆ ಮಲಕಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ದಾರಿಯಲ್ಲಿ ಹೋಗುವವರು ಯಾರಾದರೂ ಸರಿ. ಎಮ್ಮೆ ಹೊಡೆದುಕೊಂಡು ಹೋಗುವವನಿರಲಿ, ಅಂಚೆಯವನಿರಲಿ, ಕಾಲುವೆ ಇಲಾಖೆಯ ಜೀಪಿನ ಡ್ರೈವರನೇ ಇರಲಿ, ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದಳು.

"ಏ ತಮ್ಮಾ, ಇದಕ್ಕೊಂದಿಷ್ಟು ದಾರ ಹಾಕಿ ಹೋಗು."

"ನಾ ಡ್ಯೂಟಿ ಮ್ಯಾಲ ಅದೀನಬೇ ಯವ್ವಾ."

"ಡ್ಯೂಟಿ ಏನು ಓಡಿ ಹೋಗ್ತದ? ಕಣ್ಣಿಲ್ಲೇನು ನಿನಗ?"

ಕಣ್ಣಿಲ್ಲದ್ದು ಅವಳಿಗೆ. ಸೂಜಿಯ ತೂತು ಕಾಣದೆ ಎಷ್ಟೋ ವರ್ಷವಾಗಿತ್ತು. ಬಟ್ಟೆಯ ಎಳೆ ಮಾತ್ರ ಬೆರಳ ತುದಿಗೆ ಗೊತ್ತಾಗುತ್ತಿತ್ತು. ನಾಲ್ಕು ಎಳೆ ಬಿಟ್ಟು ಐದನೆಯದಕ್ಕೆ ಚುಚ್ಚು ಎಂದರೆ ಬೆರಳು ಅಲ್ಲೇ ಹೋಗಿ ನಿಲ್ಲುತ್ತಿತ್ತು. ಪೋಣಿಸುವ ಕೆಲಸ ಮಾತ್ರ ಗಂಡ ಅಯ್ಯಣ್ಣನದು. ಇಪ್ಪತ್ತಾರು ವರ್ಷ ಪೋಣಿಸಿಕೊಟ್ಟ. ಕೊಟ್ಟಾಗಲೊಮ್ಮೆ, "ಈ ಊರಾಗ ಸೂಜಿ ಹಿಡಿಯೋ ಗಂಡಸು ನಾ ಒಬ್ಬನ ನೋಡು" ಎಂದು ಗೊಣಗಿದ. ಹೋದ ವರ್ಷ ಯುಗಾದಿಗೆ ನಾಲ್ಕು ದಿನ ಇರುವಾಗ ಸತ್ತ. ಜ್ವರ ಬಂತು, ಶಹಾಪುರದ ದವಾಖಾನೆಗೆ ಒಯ್ದರು, ತಿರುಗಿ ತಂದರು. ಅದಕ್ಕಿಂತ ಹೆಚ್ಚು ಹೇಳುವಂಥದ್ದು ಇಲ್ಲ.

ಮಲಕಮ್ಮ ಸಾಲಿಗೆ ಹೋದವಳಲ್ಲ. ತವರಿನಲ್ಲಿ ಅವ್ವ ಕಲಿಸಿದ್ದು ಎರಡೇ: ರೊಟ್ಟಿ ಬಡಿಯುವುದು, ಬಟ್ಟೆಯ ಮೇಲೆ ಹೂ ಹಾಕುವುದು. ಅದಕ್ಕೆ ಕಸೂತಿ ಅನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅವಳು ದಾರಕ್ಕೆ ಗಂಟು ಹಾಕುತ್ತಿರಲಿಲ್ಲ. ಬಟ್ಟೆ ತಿರುವಿ ಹಾಕಿದರೂ ಹೂ ಹಾಗೆಯೇ ಕಾಣಬೇಕು, ಮುಂದೆಷ್ಟೋ ಹಿಂದೆಯೂ ಅಷ್ಟೇ. ಊರಿನವರು ಹರಿದದ್ದು, ಸುಟ್ಟದ್ದು, ಮೊಳೆಗೆ ಸಿಕ್ಕು ಸೀಳಿದ್ದು ಎಲ್ಲ ತಂದು ಅವಳ ಮುಂದೆ ಹಾಕುತ್ತಿದ್ದರು. ಅವಳು ಮೊದಲು ಅದೇ ಬಟ್ಟೆಯ ಅಂಚಿನಿಂದ ಎಳೆ ಕಿತ್ತು ತೂತಿಗೆ ಅಡ್ಡ ಉದ್ದ ನೇಯ್ದು ರಫು ಮಾಡುವಳು. ಆಮೇಲೆ ಅದರ ಮೇಲೆ ಒಂದು ಹೂವೋ ಗಿಳಿಯೋ ಕೂರಿಸುವಳು. ಬಟ್ಟೆ ಇನ್ನು ಹತ್ತು ವರ್ಷ ಬಾಳುತ್ತಿತ್ತು.

"ತ್ಯಾಪಿ ಹಚ್ಚಿದ್ರ ಇವರ ಮನ್ಯಾಗ ಇಲ್ಲ ಅಂತಾರ. ಹೂ ಹಾಕಿದ್ರ ಶೋಕಿ ಮಾಡ್ಯಾರ ಅಂತಾರ. ಬಟ್ಟಿನೂ ಅದೇ, ತೂತೂ ಅದೇ" ಅನ್ನುವಳು.

ಎಲ್ಲರಿಗೂ ಶೋಕಿ ಒಗ್ಗುತ್ತಿರಲಿಲ್ಲ. ಅಂಬ್ರಪ್ಪ ಮಾಸ್ತರರ ಪ್ಯಾಂಟು ಕೂರುವ ಜಾಗದಲ್ಲಿ ಸವೆದು ಹರಿದಿತ್ತು. ಏನು ಹಾಕಲಿ ಎಂದು ಮಲಕಮ್ಮ ಕೇಳಲಿಲ್ಲ, ಏನು ಹಾಕುತ್ತಾಳೆಂದು ಮಾಸ್ತರರೂ ಕೇಳಲಿಲ್ಲ. ಗರಿ ಬಿಚ್ಚಿದ ನವಿಲು ಹಾಕಿದಳು. ಮಾಸ್ತರರಿಗಿದ್ದದ್ದು ಎರಡೇ ಪ್ಯಾಂಟು. ಅದನ್ನು ಹಾಕಿದ ದಿನ ಅವರು ಮಕ್ಕಳಿಗೆ ಬೆನ್ನು ತೋರಿಸದೆ, ಕೈ ಹಿಂದೆ ಮಾಡಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಕ್ಕಳಿಗೆ ಆ ಅಕ್ಷರ ಇವತ್ತಿಗೂ ಓದಲು ಬರುವುದಿಲ್ಲ.

ಕಾಲುವೆ ಬಂದ ಮೇಲೆ ಅವಳಿಗೆ ಕೆಲಸ ಜಾಸ್ತಿಯಾಯಿತು. ಮೊದಲು ಈ ಕಡೆ ಜೋಳ, ಹತ್ತಿ. ಜೋಳವನ್ನು ನೆಲದೊಳಗಿನ ಹಗೆವಿನಲ್ಲಿ ಹಾಕಿ ಮುಚ್ಚುತ್ತಿದ್ದರು, ಇಲಿಗೆ ಸಿಗುತ್ತಿರಲಿಲ್ಲ. ಕಾಲುವೆ ನೀರು ಬಂತು, ಭತ್ತ ಬಂತು. ಭತ್ತದ ಚೀಲಗಳು ಪಡಸಾಲೆಯಲ್ಲಿ ಮಲಗಿದವು. ಅವುಗಳ ಹಿಂದೆ ಇಲಿಗಳು ಬಂದವು, ಬಿಡಾರ ಹೂಡಿದವು, ಮದುವೆ ಮಾಡಿಕೊಂಡವು. ಭತ್ತ ತಿಂದು ಬೇಸರವಾದಾಗ ಬಟ್ಟೆ ತಿಂದವು. ಶಹಾಪುರದಿಂದ ಸುರಪುರದವರೆಗೆ ತೂತಿಲ್ಲದ ಸೀರೆ ಇರುವ ಮನೆ ಹುಡುಕಬೇಕಾಯಿತು.

ಹೀಗಿರುವಾಗ ಸುರಪುರದಿಂದ ಮಗಳು ದೇವಕಮ್ಮನ ಸುದ್ದಿ ಬಂತು. ಏಳನೇ ತಿಂಗಳು, ಕುಬಸ ಮಾಡಬೇಕು, ಅಂದರೆ ಸೀಮಂತ. ತವರಿನವರು ಹಸಿರು ಸೀರೆ, ಖಣ, ಬುತ್ತಿ ತಗೊಂಡು ಬರಬೇಕು. ಸುದ್ದಿ ತಂದದ್ದು ಬಳೆಗಾರ್ತಿ ದಾವಲಬೀ. ಅವಳು ಬಳೆಯ ಬುಟ್ಟಿ ಹೊತ್ತು ಬಸ್ಸು ಹತ್ತಿ ಎರಡೂ ತಾಲೂಕು ತಿರುಗುತ್ತಿದ್ದಳು. ಸುದ್ದಿ ಅವಳ ಬುಟ್ಟಿಯಲ್ಲಿ ಬಳೆಗಿಂತ ಹೆಚ್ಚು ಇರುತ್ತಿತ್ತು.

"ದೇವಕಿ ಅತ್ತಕೋತ ಹೇಳಿಕಳಿಸ್ಯಾಳಬೇ," ಎಂದಳು ದಾವಲಬೀ. "ಸೀರಿ ಚಲೋದು ತರಬೇಕಂತ. ದೊಡ್ಡ ಸೊಸಿ ಕುಬಸಕ್ಕ ಸೈದಾಪುರದ ಬೀಗರು ತಂದಿದ್ದ ಸೀರಿ ಮಾತು ನಿನ್ನ ಬೀಗತಿ ಇನ್ನೂ ಬಿಟ್ಟಿಲ್ಲ. ಮುಂಜಾನಿ ಚಾ ಕುಡಿಯೋವಾಗ ಒಮ್ಮಿ, ಸಂಜಿ ದೀಪ ಹಚ್ಚೋವಾಗ ಒಮ್ಮಿ."

"ನಡುವ ಸುಮ್ಮನಿರ್ತಾಳೇನು?"

"ನಡುವ ಮಲಗಿರ್ತಾಳ."

ಮಲಕಮ್ಮ ನಗಲಿಲ್ಲ. ಬೀಗತಿ ಹಣಮಂತಮ್ಮನ ನಾಲಿಗೆ ಅವಳಿಗೆ ಗೊತ್ತು. ಅವಳು ಬಯ್ಯುತ್ತಿರಲಿಲ್ಲ, ಹೊಗಳುತ್ತಿದ್ದಳು. ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಸುಡುತ್ತಿದ್ದಳು. ಕುಬಸದ ಸೀರೆ ಕಡಿಮೆಯದಾದರೆ ದೇವಕಮ್ಮ ಹುಟ್ಟುವ ಮಗುವಿನ ಮದುವೆಯವರೆಗೂ ಸೈದಾಪುರದ ಸೀರೆಯ ವರ್ಣನೆ ಕೇಳಬೇಕು. ಅಪ್ಪನಿದ್ದಿದ್ದರೆ ಹೇಗಾದರೂ ತರುತ್ತಿದ್ದ. ಈಗ ಹೊಸ ಸೀರೆ ತರುವ ಕೈ ಆ ಮನೆಯಲ್ಲಿ ಇರಲಿಲ್ಲ.

ಟ್ರಂಕಿನಲ್ಲಿ ಆಯೇರಿ ಸೀರೆಗಳಿದ್ದವು. ಮದುವೆಯಲ್ಲಿ ಬೀಗರು, ನೆಂಟರು ಒಬ್ಬರಿಗೊಬ್ಬರು ಬಟ್ಟೆ ಕೊಡುವುದೇ ಆಯೇರಿ. ಆ ಬಟ್ಟೆಯನ್ನು ಯಾರೂ ಉಡುವುದಿಲ್ಲ. ಮಡಿಕೆ ಬಿಚ್ಚುವುದೂ ಇಲ್ಲ. ಅರಿಷಿಣ ಕುಂಕುಮ ಹಚ್ಚಿ ಕೊಟ್ಟದ್ದನ್ನು ಹಣೆಗೊತ್ತಿ ತೆಗೆದುಕೊಂಡು, ಟ್ರಂಕಿನಲ್ಲಿಟ್ಟು, ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡುವುದು. ಕೆಲವು ಸೀರೆಗಳು ಹಾಗೆ ಇಪ್ಪತ್ತು ಊರು ನೋಡಿರುತ್ತವೆ, ಒಂದು ಮೈ ನೋಡಿರುವುದಿಲ್ಲ.

ಮಲಕಮ್ಮನ ಟ್ರಂಕಿನಲ್ಲಿ ಹಸಿರು ಒಂದೇ ಇತ್ತು. ಇಳಕಲ್ ಸೀರೆ, ಅಂಚಿಗೆ ಕೆಂಪು ದಡಿ. ಮೂರು ವರ್ಷದ ಹಿಂದೆ ಮಗಳ ಮದುವೆಯಲ್ಲಿ ಹಣಮಂತಮ್ಮನೇ ಕೊಟ್ಟ ಆಯೇರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇತ್ತು. ಅವರ ಸೀರೆಯನ್ನು ಅವರ ಮನೆಗೇ ಒಯ್ಯುವುದು ಹೇಗೆ? ಮೇಲೆ ನಾಲ್ಕು ಹೂ ಹಾಕಿದರೆ ಗುರುತು ಸಿಗಲಿಕ್ಕಿಲ್ಲ ಅಂದುಕೊಂಡು ಸೀರೆ ಬಿಚ್ಚಿದಳು. ನೆರೆಮನೆಯ ಸುಂದ್ರಮ್ಮ ಒಂದು ತುದಿ ಹಿಡಿದುಕೊಂಡಿದ್ದಳು.

ಬಿಚ್ಚುತ್ತ ಹೋದಂತೆ ಸುಂದ್ರಮ್ಮನ ಬಾಯಿಯೂ ಬಿಚ್ಚುತ್ತ ಹೋಯಿತು.

"ಅಕ್ಕಾ, ಇದು ಸೀರಿಯೋ ಜರಡಿಯೋ?"

ಇಲಿ ಕಚ್ಚಿದ್ದು ಒಂದೇ ಬಾಯಿ. ಸೀರೆ ಮಡಿಕೆಯಲ್ಲಿದ್ದದ್ದರಿಂದ ಅದು ಎಲ್ಲ ಪದರ ದಾಟಿ ಹೋಗಿತ್ತು. ಗೇಣಿಗೊಂದು ತೂತು, ಅಳತೆ ಹಿಡಿದು ಹೊಡೆದ ಹಾಗೆ. ಎಣಿಸಿದರೆ ಇಪ್ಪತ್ಮೂರು. ಸೆರಗಿನಲ್ಲಿ ಮಾತ್ರ ಅಂಗೈಯಗಲದ್ದು ಬೇರೆ ಒಂದು, ಅದರಿಂದ ಮೊಳ ದೂರದಲ್ಲಿ ಬಟಾಣಿಯಷ್ಟು ಇನ್ನೊಂದು.

"ನಿಮ್ಮ ಟ್ರಂಕಿನಾಗ ಇಲಿ ಹೊಕ್ಕಾವ," ಎಂದಳು ಸುಂದ್ರಮ್ಮ.

ಮಲಕಮ್ಮ ಪ್ಲಾಸ್ಟಿಕ್ ಚೀಲ ಎತ್ತಿ ಬೆಳಕಿಗೆ ಹಿಡಿದಳು. ಚೀಲದಲ್ಲಿ ಒಂದು ಗೀರೂ ಇರಲಿಲ್ಲ. ತಿರುವಿ ಕೊಡವಿದಳು. ಒಳಗಿಂದ ನಾಲ್ಕು ಭತ್ತದ ಹೊಟ್ಟು ಬಿದ್ದವು.

"ಚೀಲ ಕಡೀದ ಒಳಗಿನ ಸೀರಿ ಕಡಿಯೋ ಇಲಿ ನಮ್ಮೂರಾಗಿಲ್ಲ," ಎಂದಳು. "ಇದು ಸುರಪುರದ ಇಲಿ."

ಅಂದರೆ ಹಣಮಂತಮ್ಮ ತೂತಿನ ಸೀರೆಯನ್ನೇ ಮಡಚಿ, ಕುಂಕುಮ ಹಚ್ಚಿ ಕೊಟ್ಟಿದ್ದಳು. ಮಲಕಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಧೈರ್ಯವೂ ಬಂತು.

"ಇದನ್ನ ಒಯ್ಯಾಕಿ ನಾ. ತೂತು ಅವರವು, ಗಿಳಿ ನಮ್ಮವು."

ಹದಿನೆಂಟು ದಿನ ಇತ್ತು. ದಿನಕ್ಕೊಂದು ಗಿಳಿಯಾದರೆ ಸಾಲದು. ಕೆಲವು ದಿನ ಎರಡು ಹಾಕಿದಳು. ರೊಟ್ಟಿ ಮಾಡುವುದನ್ನು ಬಿಟ್ಟು ಅವಲಕ್ಕಿ ತಿಂದಳು. ದಾರಿಯಲ್ಲಿ ಹೋಗುವವರು ಆ ಮನೆಯ ಮುಂದೆ ಬಂದಾಗ ಓಡತೊಡಗಿದರು. ಪದೇ ಪದೇ ಪೋಣಿಸುವ ಕಾಟ ಬೇಡವೆಂದು ಮಾರುದ್ದ ದಾರ ಹಾಕಿಸಿಕೊಂಡಳು. ಅದು ಗಂಟಾಗಿ, ಬಿಡಿಸಲು ಅರ್ಧ ದಿನ ಹೋಯಿತು. ಬಿಡಿಸುತ್ತ ಅಯ್ಯಣ್ಣನಿಗೆ ಬಯ್ದಳು. ಇನ್ನೊಂದು ವರ್ಷ ನಿಲ್ಲಲು ಏನಾಗಿತ್ತು ನಿನಗೆ ಎಂದು.

ಗಿಳಿಯ ಮೈಗೆ ಹಳದಿ, ಬಿಳಿ ಎಳೆ ಹಳೆಯ ಖಣಗಳಲ್ಲಿ ಸಿಕ್ಕಿತು. ಕೊಕ್ಕಿಗೆ ಕೆಂಪು ಬೇಕು. ಅಂಗಡಿಯ ಕೆಂಪು ದಾರ ನೀರು ಕಂಡರೆ ಬಣ್ಣ ಬಿಡುತ್ತದೆ. ಮಲಕಮ್ಮ ಗೂಟಕ್ಕೆ ನೇತುಹಾಕಿದ್ದ ಗಂಡನ ಕೆಂಪು ರುಮಾಲು ಇಳಿಸಿದಳು. ತಲೆಗೆ ಸುತ್ತುವ ಅಷ್ಟುದ್ದದ ರುಮಾಲು ವರ್ಷದಿಂದ ಯಾರ ತಲೆಯನ್ನೂ ನೋಡದೆ ಅಲ್ಲೇ ಇತ್ತು. ಅದರ ತುದಿಯಿಂದ ಎಳೆ ಕೀಳತೊಡಗಿದಳು.

ಸುಂದ್ರಮ್ಮ ಹೆದರಿದಳು. "ಅಕ್ಕಾ, ತೀರಿಕೊಂಡವರ ಬಟ್ಟಿ. ಕುಬಸದ ಸೀರಿಗಿ ಹಾಕ್ತಾರೇನು?"

"ಅಕಿ ಅಪ್ಪಂದು. ಮಗಳ ಕುಬಸಕ್ಕ ಅಪ್ಪ ಬರೋದು ಬ್ಯಾಡೇನು?"

"ಬಣ್ಣ ಬಿಟ್ಟರ?"

"ಇಪ್ಪತ್ತು ವರ್ಷ ಅವನ ಬೆವರಿಗಿ ಬಿಟ್ಟಿಲ್ಲ. ಈಗ ಬಿಡ್ತದೇನು?"

ಸುಂದ್ರಮ್ಮ ರುಮಾಲಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸ್ವಲ್ಪ ಹೊತ್ತು ಎಳೆ ಕಿತ್ತರು.

ಸೆರಗಿನ ದೊಡ್ಡ ತೂತಿಗೆ ಗಿಳಿ ಸಾಲಲಿಲ್ಲ, ಆನೆ ಬೇಕಾಯಿತು. ಆನೆ ಚೆನ್ನಾಗಿಯೇ ಬಂತು. ಮೊಳ ದೂರದ ಬಟಾಣಿ ತೂತು ಮಾತ್ರ ಒಂಟಿಯಾಗಿ ಉಳಿಯಿತು. ಅಲ್ಲಿ ಇನ್ನೊಂದು ಆನೆ ಹಿಡಿಸುವುದಿಲ್ಲ, ಗಿಳಿ ಹಾಕಿದರೆ ಸಾಲು ಕೆಡುತ್ತದೆ. ಮಲಕಮ್ಮ ಒಂದು ಹೊತ್ತೆಲ್ಲ ಕೂತು ನೋಡಿ, ಆನೆಯ ಬಾಲವನ್ನು ಅಲ್ಲಿಯವರೆಗೆ ಎಳೆದು ತಂದಳು. ತೂತು ಬಾಲದ ಕುಚ್ಚಿನಲ್ಲಿ ಮುಚ್ಚಿಹೋಯಿತು.

ಕುಬಸದ ದಿನ ಶಹಾಪುರದಲ್ಲಿ ಬಸ್ಸು ಬದಲಿಸಿ, ಬುತ್ತಿಯ ಬುಟ್ಟಿ ಹೊತ್ತು ಮಲಕಮ್ಮ, ಸುಂದ್ರಮ್ಮ ಇಬ್ಬರೂ ಸುರಪುರ ತಲುಪಿದರು. ಹಣಮಂತಮ್ಮನ ಪಡಸಾಲೆ ತುಂಬ ಹೆಣ್ಣುಮಕ್ಕಳು. ದೇವಕಮ್ಮ ಮಣೆಯ ಮೇಲೆ ಕೂತಿದ್ದಳು. ಅವ್ವನ ಮುಖ ನೋಡಲಿಲ್ಲ, ಅವ್ವನ ಕೈಯಲ್ಲಿದ್ದ ಚೀಲ ನೋಡಿದಳು. ಮಲಕಮ್ಮ ಚೀಲವನ್ನು ಸುಂದ್ರಮ್ಮನ ಕೈಗೆ ಕೊಟ್ಟು ಅಡುಗೆಮನೆಯ ಹೊಸ್ತಿಲ ಬಳಿ ಹೋಗಿ ಕೂತಳು. ಗಂಡ ಸತ್ತವಳು ಉಡಿ ತುಂಬುವಂತಿಲ್ಲ, ಸೀರೆ ಕೊಡುವಂತಿಲ್ಲ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಅಷ್ಟು ಸಾಕು.

ಆಯೇರಿಯ ಸೀರೆ ಬಿಚ್ಚುವುದಿಲ್ಲ. ಕುಬಸದ ಸೀರೆ ಎಲ್ಲರೆದುರು ಉದ್ದಕ್ಕೂ ಬಿಚ್ಚಿ ತೋರಿಸಲೇಬೇಕು. ಸುಂದ್ರಮ್ಮ ಒಂದು ತುದಿ, ದೊಡ್ಡ ಸೊಸೆ ಇನ್ನೊಂದು ತುದಿ ಹಿಡಿದರು. ಹಸಿರು ಸೀರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹರಡಿತು. ಮಾತು ನಿಂತಿತು.

"ಯವ್ವಾ, ಗಿಳಿ ನೋಡ್ರೇ!"

"ಒಂದ ಅಳತಿ, ಒಂದ ಸಾಲು. ಮಷೀನದಾಗ ಹಾಕಿದಂಗ."

"ಹಿಂದ ನೋಡು, ಹಿಂದೂ ಹಂಗ ಅದ! ಗಂಟ ಇಲ್ಲ!"

ಒಬ್ಬಳು ಎಣಿಸತೊಡಗಿದಳು. ಇಪ್ಪತ್ಮೂರಕ್ಕೆ ನಿಂತಳು. ಒಂದು ಮುದುಕಿ ಸೆರಗಿನ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು. "ಆನಿ ಬಾಲ ಯಾಕ ಇಷ್ಟುದ್ದ?"

ಮಲಕಮ್ಮ ಹೊಸ್ತಿಲಿಂದಲೇ ಹೇಳಿದಳು, "ಅರಸರ ಮನಿ ಆನಿರಿ ಅದು. ನಿಮ್ಮ ಸುರಪುರದ್ದ. ಉಣಿಸಿ ತಿನಿಸಿ ಬೆಳಸ್ಯಾರ."

"ಹೌದೌದು, ನಮ್ಮ ಅರಸರವು ಹಂಗ ಇದ್ದವಂತ," ಎಂದು ಮುದುಕಿ ಒಪ್ಪಿದಳು. ತಾನು ಕಂಡದ್ದನ್ನೇ ಹೇಳುವವಳ ಹಾಗೆ ಸುತ್ತಲಿನವರಿಗೂ ಹೇಳಿದಳು.

ದೇವಕಮ್ಮನ ಬೆನ್ನು ನೆಟ್ಟಗಾಯಿತು. ಮಲಕಮ್ಮ ಅದನ್ನು ನೋಡಿದಳು. ಆಮೇಲೆ ಹಣಮಂತಮ್ಮನನ್ನು ನೋಡಿದಳು. ಹಣಮಂತಮ್ಮ ಗಿಳಿಯನ್ನೂ ನೋಡುತ್ತಿರಲಿಲ್ಲ, ಆನೆಯನ್ನೂ ನೋಡುತ್ತಿರಲಿಲ್ಲ. ದಡಿ ನೋಡುತ್ತಿದ್ದಳು.

ದಡಿಯನ್ನು ಮಲಕಮ್ಮ ಮರೆತೇಬಿಟ್ಟಿದ್ದಳು. ಹದಿನೆಂಟು ದಿನ ತೂತಿನ ಮೇಲೆ ಕಣ್ಣಿಟ್ಟವಳು ಅಂಚಿನ ಕಡೆ ತಿರುಗಿರಲಿಲ್ಲ.

ಅಷ್ಟರಲ್ಲಿ ಮಣೆಯ ಪಕ್ಕ ಕೂತು ಬಳೆ ಇಡಿಸುತ್ತಿದ್ದ ದಾವಲಬೀ ಕೈ ನಿಲ್ಲಿಸಿದಳು. ಹಸಿರು ಬಳೆ ದೇವಕಮ್ಮನ ಹೆಬ್ಬೆರಳ ಗೆಣ್ಣಿನಲ್ಲಿ ಸಿಕ್ಕಿಕೊಂಡೇ ಇತ್ತು. ದಾವಲಬೀ ದಡಿಯನ್ನು ಬೆರಳ ನಡುವೆ ಹಿಡಿದಳು.

"ಈ ದಡಿ ನಾ ಎಲ್ಲೋ ನೋಡೀನಲ್ಲ?"

"ಕೆಂಪ ದಡಿ ಎಲ್ಲಾ ಕಡಿ ಇರ್ತಾವ," ಎಂದಳು ಸುಂದ್ರಮ್ಮ.

"ಇಂಥಾದು ಇರಂಗಿಲ್ಲ. ನೋಡು, ಹಳದಿ ಎಳಿ ಇಲ್ಲಿ ತಪ್ಪ್ಯಾದ. ನೇಯೋವ ತೂಕಡಿಸ್ಯಾನ. ಇದನ್ನ ನಾ ಯಾವುದೋ ಲಗ್ನದಾಗ ಕಂಡೀನಿ, ಕಸಮ್. ತಡಿ, ನೆನಪು ಮಾಡ್ಕೋತೀನಿ. ಗೋಗಿ ಲಗ್ನದಾಗ ಅಲ್ಲ. ಹುಣಸಗಿದಾಗೂ ಅಲ್ಲ..."

ದಾವಲಬೀಗೆ ಕೆಟ್ಟ ಮನಸ್ಸಿರಲಿಲ್ಲ. ನೆನಪು ಮಾತ್ರ ಕೆಟ್ಟದ್ದಿತ್ತು. ಯಾವ ಊರಿನ ಯಾವ ಮದುವೆಯಲ್ಲಿ ಯಾರು ಯಾರಿಗೆ ಏನು ಕೊಟ್ಟರು ಎಲ್ಲವೂ ಅವಳಲ್ಲಿ ಇರುತ್ತಿತ್ತು. ಒಂದೊಂದೇ ಊರು ದಾಟಿಕೊಂಡು ಅವಳು ಹತ್ತಿರ ಬರತೊಡಗಿದಳು. ಮಲಕಮ್ಮ ಹೊಸ್ತಿಲು ಹಿಡಿದುಕೊಂಡಳು. ಈಗ ಇಷ್ಟು ಜನರೆದುರು ಹೇಳುತ್ತಾಳೆ. ಕೊಟ್ಟ ಆಯೇರಿಯನ್ನೇ ತಿರುಗಿ ತಂದಳೆಂದು ಸುರಪುರವೆಲ್ಲ ಆಡಿಕೊಳ್ಳುತ್ತದೆ. ದೇವಕಮ್ಮ ಈ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ.

"ಹಾಂ!" ಎಂದು ದಾವಲಬೀ ತೊಡೆ ತಟ್ಟಿಕೊಂಡಳು. "ನೆನಪಾತು! ಶಹಾಪುರದ ಕಡಿ ಲಗ್ನ. ಹಣಮಂತವ್ವಾ, ನೀವ ಅಲ್ಲೇನು..."

ಅವಳ ಮಾತು ಮುಗಿಯಲಿಲ್ಲ. ಹಣಮಂತಮ್ಮ ತಟ್ಟೆಯಿಂದ ಹೋಳಿಗೆ ಎತ್ತಿ ಮಡಚಿ ಅವಳ ಬಾಯಿಗೆ ತುರುಕಿದ್ದಳು. ಪೂರ್ತಿ ಹೋಳಿಗೆ.

"ಮೊದಲ ಬಾಯಿ ಸಿಹಿ ಮಾಡ್ಕೋ ದಾವಲಬೀ. ಮುಂಜಾನಿಯಿಂದ ಉಪಾಸ ಇದ್ದಿ."

"ಉಂ, ಉಂ," ಎಂದಳು ದಾವಲಬೀ.

ಹಣಮಂತಮ್ಮ ಎಲ್ಲರ ಕಡೆ ತಿರುಗಿದಳು. "ಇದನ್ನ ಅಕಿ ಎಲ್ಲೂ ನೋಡಿರಾಕ ಸಾಧ್ಯ ಇಲ್ಲ. ಹೊಚ್ಚ ಹೊಸಾ ಸೀರಿ. ನಮ್ಮ ಬೀಗತೇರು ಇಳಕಲ್ಲಿಗಿ ಹೋಗಿ, ಎದುರಿಗಿ ಕುಂತು ನೇಯಿಸ್ಯಾರ. ನನಗ ಮೊದಲ ಹೇಳಿಕಳಿಸಿದ್ರು."

ಮಲಕಮ್ಮ ಇಳಕಲ್ಲು ನೋಡಿದವಳಲ್ಲ. ಒಬ್ಬಳು ಅವಳ ಕಡೆ ತಿರುಗಿ, "ಹೌದೇನ್ರಿ? ಇಲ್ಲಿಂದ ಯಾವ ಬಸ್ಸಿಗಿ ಹೋಗ್ತಾರ್ರಿ?" ಎಂದು ಕೇಳಿದಳು.

ಮಲಕಮ್ಮ ಬಾಯಿ ತೆರೆದಳು. ಹಣಮಂತಮ್ಮ ಉತ್ತರ ಕೊಟ್ಟಳು. "ಮುಂಜಾನಿ ಬಸ್ಸಿಗಿ. ಬಾಳ ಗದ್ದಲ ಇತ್ತಂತ. ಹೌದಿಲ್ರಿ ಬೀಗತೇರ?"

"ಹೌದ್ರಿ," ಎಂದಳು ಮಲಕಮ್ಮ. "ನಿಂತ ಹೋದೆ."

"ಸೈದಾಪುರದ ಸೀರಿ ಇದರ ಮುಂದ ಒರೆಸೋ ಅರಿಬಿ," ಎಂದುಬಿಟ್ಟಳು ಹಣಮಂತಮ್ಮ. ದೊಡ್ಡ ಸೊಸೆಯ ಮುಖ ಸಣ್ಣದಾಯಿತು. ಮಲಕಮ್ಮನಿಗೆ ಆ ಹುಡುಗಿಯ ಮೇಲೆ ಪಾಪ ಅನ್ನಿಸಿತು, ಆದರೂ ಆ ಮಾತು ವಾಪಸು ತಗೊಳ್ಳಿ ಎಂದು ಹೇಳಲಿಲ್ಲ. ದೇವಕಮ್ಮ ಎದ್ದು ಸೀರೆ ಉಟ್ಟು ಬಂದಳು. ಏಳು ತಿಂಗಳ ಹೊಟ್ಟೆಯ ಮೇಲೆ ಗಿಳಿಗಳು ಮುಂದೆ ಬಂದು ಕೂತಿದ್ದವು.

ಹೆಣ್ಣುಮಕ್ಕಳು ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋದರು. ದಾವಲಬೀ ಹೋಗುವಾಗ ಅವಳ ಬುಟ್ಟಿಯ ತುಂಬ ಹೋಳಿಗೆ ಇತ್ತು. ಮಲಕಮ್ಮ ಅಡುಗೆಮನೆಯಲ್ಲಿ ಪಾತ್ರೆ ಒಟ್ಟುತ್ತಿದ್ದಳು. ಹಣಮಂತಮ್ಮ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಗೊತ್ತಿದ್ದ ತಂದ್ರೇನು?"

"ಗೊತ್ತಿದ್ದ ಕೊಟ್ರೇನು?"

ಹಣಮಂತಮ್ಮ ಹಿಟ್ಟಿನ ಡಬ್ಬಿಯ ಮೇಲೆ ಕೂತಳು. "ಒಂದ ತೂತು ಅಂದ್ಕೊಂಡಿದ್ದೆ. ಆಣಿ ಮಾಡ್ತೀನಿ. ಲಗ್ನದ ಗಡಿಬಿಡ್ಯಾಗ ಬ್ಯಾರೆ ಸೀರಿ ಇದ್ದಿದ್ದಿಲ್ಲ."

"ಮಡಚಿದಾಗ ಒಂದ. ಬಿಚ್ಚಿದ್ರ ಇಪ್ಪತ್ಮೂರು. ಆನಿ ಬ್ಯಾರೆ."

ಹಣಮಂತಮ್ಮ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಅಳುತ್ತಾಳೆಂದು ಮಲಕಮ್ಮ ಹತ್ತಿರ ಹೋದಳು. ಅಳುತ್ತಿರಲಿಲ್ಲ. "ಎದುರಿಗಿ ಕುಂತು ನೇಯಿಸ್ಯಾರ," ಎಂದು ತನ್ನ ಮಾತನ್ನೇ ಮತ್ತೆ ಹೇಳಿ ಇನ್ನಷ್ಟು ನಕ್ಕಳು. ಮಲಕಮ್ಮನಿಗೂ ತಡೆಯಲಾಗಲಿಲ್ಲ. ವರ್ಷದಿಂದ ನಕ್ಕಿರಲಿಲ್ಲ. ಪಕ್ಕೆ ನೋಯಿತು.

ನಗು ನಿಂತ ಮೇಲೆ ಹಣಮಂತಮ್ಮ ಮೂಲೆಯ ಟ್ರಂಕು ಎಳೆದಳು. "ಬರೋ ತಿಂಗಳ ಮೂರು ಲಗ್ನ ಅದಾವರಿ. ಎಲ್ಲಾ ಕಡಿ ಆಯೇರಿ ಕೊಡಬೇಕು. ಇವನ್ನ ಬಿಚ್ಚಿ ನೋಡಾಕ ನನಗ ಧೈರ್ಯ ಇಲ್ಲ."

"ತಗೀರಿ. ನೋಡೇಬಿಡೋಣ."

ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿದರು. ಹಳದಿ ಸೀರೆ, ಏಳು ತೂತು. "ಇದು ನನ್ನ ನಾದಿನಿ ಕೊಟ್ಟದ್ದು," ಎಂದಳು ಹಣಮಂತಮ್ಮ. "ಕೊಡೋವಾಗ ಎಷ್ಟು ಒಣಾ ಜಂಬ ಅಕಿದು!" ಮಣ್ಣಿನ ಬಣ್ಣದ್ದು, ಹನ್ನೊಂದು. "ಇದು ಸೈದಾಪುರದವರದು." ಅದಕ್ಕೆ ಇಬ್ಬರೂ ಬಹಳ ಹೊತ್ತು ನಕ್ಕರು. ಗಿಳಿ ಎಲ್ಲಿ, ಹೂ ಎಲ್ಲಿ ಎಂದು ಮಲಕಮ್ಮ ಬೆರಳಲ್ಲಿ ಅಳೆದು ಹೇಳುತ್ತ ಹೋದಳು. ಸಂಜೆಯ ಬಸ್ಸು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ತಳದಲ್ಲಿ ಒಂದು ನೇರಳೆ ಸೀರೆ ಇತ್ತು. ಮಡಿಕೆ ಬಿಚ್ಚಿದರೆ ಅದೂ ಜರಡಿ.

"ಇದನ್ನ ಯಾವ ಕೈ ಕೊಟ್ಟದ್ದರಿ? ಕೊಡೋವಾಗ ನಾಚಿಕಿ ಬರಲಿಲ್ಲೇನು?" ಎಂದಳು ಮಲಕಮ್ಮ.

ಹಣಮಂತಮ್ಮ ಸೀರೆಯಿಂದ ಕಣ್ಣೆತ್ತಿದಳು. ಸುಮ್ಮನೆ ಅವಳನ್ನೇ ನೋಡಿದಳು.

ಮಲಕಮ್ಮ ಸೀರೆ ತಿರುವಿ ನೋಡಿದಳು. ಮಗಳ ಮದುವೆ. ತಾನೇ ಬೀಗತಿಗೆ ಕೊಟ್ಟ ಆಯೇರಿ. ತನಗೆ ಯಾರೋ ಕೊಟ್ಟದ್ದನ್ನು ಬಿಚ್ಚಿ ನೋಡದೆ, ಹಣೆಗೊತ್ತಿಕೊಂಡು ಹಾಗೆಯೇ ದಾಟಿಸಿದ್ದಳು.

ಅವಳು ಸೀರೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಬೆರಳಿನಿಂದ ಒಂದೊಂದೇ ತೂತು ಎಣಿಸಿದಳು. ಕೊನೆಯವರೆಗೂ ಎಣಿಸಿದಳು.

"ಎಷ್ಟದಾವರಿ?" ಎಂದಳು ಹಣಮಂತಮ್ಮ.

"ಹತ್ತೊಂಬತ್ತು," ಎಂದಳು ಮಲಕಮ್ಮ. "ನಿಮ್ಮದಕ್ಕಿಂತ ನಾಕು ಕಡಿಮಿ."